ಮೆಲಿಸ್ಸಾಳ ಮೊಣಕಾಲು ನೋವು

ಪೆತ್ರಾಕೆಗೆ ಸುಳ್ಳು ಕಟ್ಟುವ ಕಲೆ ಒಲಿದಿರಲಿಲ್ಲ. ನಡೆದ ಎಲ್ಲ ಎಡವಟ್ಟಿಗೂ ಅದೇ ಮೂಲ.

ರೊಮೇನಿಯಾದ ಬ್ರಾಯಿಲಾ ಬಂದರಿನ ಹಡಗು ಕಚೇರಿಯಲ್ಲಿ ಇಪ್ಪತ್ತೆರಡು ವರ್ಷ ಗುಮಾಸ್ತನಾಗಿದ್ದವನು ಅವನು. ಕಚೇರಿ ಮುಚ್ಚಿದ ಮೇಲೆ ಸಿಕ್ಕಿದ್ದು, ದುಡ್ಡು ಕೊಟ್ಟ ಪರದೇಶದ ಗಂಡಸರೊಡನೆ ಹುಡುಗಿಯರು ಇಂಟರ್ನೆಟ್ಟಿನಲ್ಲಿ ಹರಟುವ ಒಂದು ವೆಬ್‌ಕ್ಯಾಮ್ ಸ್ಟುಡಿಯೋದ ಕೆಲಸ. ಅಲ್ಲಿ ಇಲಿಂಕಾ ಎಂಬ ಹುಡುಗಿ 'ಮೆಲಿಸ್ಸಾ' ಎಂಬ ಹೆಸರಿಟ್ಟುಕೊಂಡು, ಕ್ಯಾಮೆರಾ ಮುಂದೆ ನಗುತ್ತಾ, ಕೀಬೋರ್ಡಿನ ಮೇಲೆ ಬೆರಳಾಡಿಸುತ್ತಿದ್ದಳು. ಆ ಕೀಬೋರ್ಡಿಗೆ ಯಾವ ಕಂಪ್ಯೂಟರಿನ ನಂಟೂ ಇರಲಿಲ್ಲ. ಪಕ್ಕದ ಕೋಣೆಯಲ್ಲಿ ಮೀಸೆ ನೀವಿಕೊಳ್ಳುತ್ತಾ 'ನನ್ನ ಪ್ರಾಣವೇ' ಎಂದು ಇಂಗ್ಲಿಷಿನಲ್ಲಿ ಟೈಪ್ ಮಾಡುತ್ತಿದ್ದವನು ಐವತ್ತೆಂಟರ ಪೆತ್ರಾಕೆ. ಹೆಂಡತಿ ವೆತಾಗೆ ಮಾತ್ರ, ವಾಷಿಂಗ್ ಮೆಷಿನ್ನುಗಳ ಕೈಪಿಡಿ ಅನುವಾದಿಸುತ್ತೇನೆ ಎಂದು ಹೇಳಿದ್ದ.

ಮ್ಯಾನೇಜರ್ ಸಾಂಡು ಮೊದಲ ದಿನವೇ ಎಚ್ಚರಿಸಿದ್ದ. "ನೋಡಿ ಅಂಕಲ್, ಒಂದೇ ಒಂದು ನಿಜ ಬರೀಬಾರದು. ಊರು, ಬೀದಿ, ಮಳೆ, ಬಿಸಿಲು ಯಾವುದೂ ಬೇಡ. ನಾಳೆ ಯಾರಾದರೂ ಹುಡುಕ್ಕೊಂಡು ಬಂದ್ರೆ ಸಿಕ್ಕಿಹಾಕಿಕೊಳ್ಳೋದು ಆ ಹುಡುಗಿ."

ಪೆತ್ರಾಕೆ ಒಪ್ಪಿದ್ದ. ಆದರೆ ಟೋರ್ಲೈಫ್ ಎಂಬ ನಾರ್ವೆಯ ಮುದುಕ ಎಂಟು ತಿಂಗಳು ಪ್ರತಿ ಸಂಜೆ ಬಂದು, "ಇವತ್ತು ಏನು ಮಾಡಿದೆ?" ಎಂದು ಕೇಳಿದರೆ ಎಷ್ಟು ಸುಳ್ಳು ತಂದಾನು? ಮೊದಲ ವಾರ ಮೆಲಿಸ್ಸಾಳನ್ನು ಪ್ಯಾರಿಸ್ಸಿನಲ್ಲಿಟ್ಟ. ಎರಡನೆಯ ವಾರ ಮರೆತು, ಪ್ಯಾರಿಸ್ಸಿಗೆ ಸಮುದ್ರ ತಂದ. ಬೆವತುಹೋಗಿ, ಆಮೇಲೆ ತನ್ನ ಮನೆಯದನ್ನೇ ಒಂದಿಷ್ಟು ಬೇರೆಯವರದೆಂಬಂತೆ ಬರೆಯತೊಡಗಿದ. ಕಿಟಕಿಯ ಕೆಳಗೆ ತಿರುವಿನಲ್ಲಿ ಕಿರುಗುಟ್ಟುವ ಟ್ರಾಮು, ಎದುರು ಗೋಡೆಯ ಮೇಲೆ ನಾಲ್ಕಂತಸ್ತು ಎತ್ತರದ ಸೂರ್ಯಕಾಂತಿಯ ಚಿತ್ರ, ನದಿಯಿಂದ ಮಂಜು ಎದ್ದಾಗ ಹಿಡಿದುಕೊಳ್ಳುವ ಎಡ ಮೊಣಕಾಲು, ಎಲ್ಲವೂ ಮೆಲ್ಲಗೆ ಮೆಲಿಸ್ಸಾಳದಾದವು.

ಟೋರ್ಲೈಫ್ ಅರೆಬರೆ ಗುರುತಿನಿಂದಲೇ ಮನೆ ಪತ್ತೆಮಾಡಿ ನಲವತ್ತು ವರ್ಷ ಅಂಚೆ ಹಂಚಿದವನು ಎಂಬುದನ್ನು ಪೆತ್ರಾಕೆ ಅಷ್ಟು ಮನಸ್ಸಿಗೆ ಹಚ್ಚಿಕೊಂಡಿರಲಿಲ್ಲ.

ಶನಿವಾರ ಬೆಳಿಗ್ಗೆ ಹತ್ತಕ್ಕೆ ಕಟ್ಟಡದ ಸಂಘದ ಅಧ್ಯಕ್ಷೆ ಗೆರ್ಗಿನಾ ಅವನ ಮನೆಯ ಬೆಲ್ಲಿನಿಂದ ಬೆರಳೇ ತೆಗೆಯದೆ ನಿಂತಿದ್ದಳು.

"ಪೆತ್ರಾಕೆ ಅವರೇ, ಕೆಳಗೆ ಯಾರೋ ಪರದೇಶದವನು ಹೂ ಹಿಡ್ಕೊಂಡು ನಿಂತಿದಾನೆ. ಬರೀ ಇಂಗ್ಲಿಷು. ಇಲ್ಲಿ ಇಂಗ್ಲಿಷ್ ಬರೋದು ನಿಮಗೊಬ್ಬರಿಗೇ. ಬನ್ನಿ ಬನ್ನಿ."

ಕೆಳಗೆ ಬಾಗಿಲ ಬಳಿ ಎತ್ತರದ ಮುದುಕನೊಬ್ಬ ಮದುವೆಗೆ ಬಂದವನಂತೆ ತಲೆ ಬಾಚಿಕೊಂಡು ನಿಂತಿದ್ದ. ಅವನನ್ನು ಆಗಲೇ ವಿಚಾರಣೆಗೆ ಗುರಿಪಡಿಸಿದ್ದವನು ನಿವೃತ್ತ ಟ್ರಾಮ್ ಚಾಲಕ ಡಾಂಚು.

"ನಾನು ಟೋರ್ಲೈಫ್. ಮೆಲಿಸ್ಸಾಳನ್ನು ನೋಡೋಕೆ ಬಂದೆ," ಅಂದ ಮುದುಕ.

ಪೆತ್ರಾಕೆ ಮೀಸೆ ನೀವಿಕೊಂಡ.

"ಏನಂತೆ?" ಗೆರ್ಗಿನಾ ಕೇಳಿದಳು.

"ಗ್ಯಾಸ್ ಪೈಪ್ ನೋಡೋಕೆ ಬಂದಿದಾರಂತೆ."

"ಹೂ ಹಿಡ್ಕೊಂಡಾ?" ಎಂದ ಡಾಂಚು.

"ನಾರ್ವೆಯವರು. ಅಲ್ಲಿ ಹಾಗೇ ಇರಬೇಕು."

ಗೆರ್ಗಿನಾಳ ಒಲೆ ಆರು ತಿಂಗಳಿಂದ ವಾಸನೆ ಹೊಡೆಯುತ್ತಿತ್ತು. ಅವಳು ಮುದುಕನ ತೋಳು ಹಿಡಿದು ಎಳೆದುಕೊಂಡೇ ಮೂರನೇ ಮಹಡಿಗೆ ಹತ್ತಿಸಿ, ಅಡುಗೆಮನೆಗೆ ನುಗ್ಗಿಸಿದಳು. ಸದ್ದು ಕೇಳಿ ಅಕ್ಕಪಕ್ಕದವರೂ ಸೇರಿದರು. ವೆತಾ ಸೌಟು ಹಿಡಿದುಕೊಂಡೇ ಬಂದಳು. ಟೋರ್ಲೈಫ್ ಸಭ್ಯನಂತೆ ಬಗ್ಗಿ ಒಲೆಯನ್ನು ಸುಮಾರು ಹೊತ್ತು ನೋಡಿದ. ಆಮೇಲೆ ಜೇಬಿನಿಂದ ಫೋನು ತೆಗೆದು ಅದಕ್ಕೆ ಏನೋ ಹೇಳಿದ. ಫೋನು ರೈಲ್ವೆ ನಿಲ್ದಾಣದ ಘೋಷಣೆಯ ದನಿಯಲ್ಲಿ, ಅಚ್ಚ ರೊಮೇನಿಯನ್ ಭಾಷೆಯಲ್ಲಿ ಹೇಳಿತು:

"ಒಲೆ ಚೆನ್ನಾಗಿದೆ. ನಾನು ಪ್ರೀತಿಸುವ ಹೆಂಗಸು ಈ ಕಟ್ಟಡದಲ್ಲಿ ವಾಸವಾಗಿದ್ದಾಳೆ."

ಎಲ್ಲರೂ ಪೆತ್ರಾಕೆಯನ್ನು ನೋಡಿದರು.

"ಗ್ಯಾಸ್ ಅಂದ್ರಲ್ಲ," ಎಂದಳು ಗೆರ್ಗಿನಾ.

"ಅವರ ಉಚ್ಚಾರಣೆ ಸ್ವಲ್ಪ ಬೇರೆ," ಎಂದ ಪೆತ್ರಾಕೆ.

ಫೋನು ಮುಂದುವರಿಯಿತು. ಆ ಹೆಂಗಸಿಗೆ ಮಂಜು ಬಿದ್ದರೆ ಎಡ ಮೊಣಕಾಲು ನೋಯುತ್ತದೆ. ಹಲ್ಲಿನ ಡಾಕ್ಟರನ್ನು ಕಂಡರೆ ಭಯ. ಕೆಲಸ ಹೋದ ದಿನ ಬಚ್ಚಲಲ್ಲಿ ನಲ್ಲಿ ಬಿಟ್ಟುಕೊಂಡು ಅತ್ತಿದ್ದಾಳೆ, ಮನೆಯಲ್ಲಿ ಯಾರಿಗೂ ಗೊತ್ತಾಗಬಾರದೆಂದು.

ವೆತಾಳ ಸೌಟು ನಿಧಾನವಾಗಿ ಕೆಳಗಿಳಿಯಿತು. ಅವಳು ಗಂಡನ ಎಡ ಮೊಣಕಾಲನ್ನೇ ನೋಡುತ್ತಿದ್ದಳು. ಪೆತ್ರಾಕೆ ಆ ಕಾಲನ್ನು ಇನ್ನೊಂದರ ಹಿಂದೆ ಅಡಗಿಸಿಕೊಂಡ.

ಅಷ್ಟರಲ್ಲಿ ಟೋರ್ಲೈಫ್ ಫೋನಿನಲ್ಲಿ ಒಂದು ಫೋಟೋ ತೆರೆದು ಎಲ್ಲರಿಗೂ ತೋರಿಸತೊಡಗಿದ. ಇಲಿಂಕಾ ನಗುತ್ತಿದ್ದಳು. ಗೆರ್ಗಿನಾ ಕನ್ನಡಕ ಹಾಕಿಕೊಂಡು ಫೋನನ್ನು ಮೂಗಿಗೆ ಹತ್ತಿರ ತಂದು, ಮೂಲೆಯಲ್ಲಿದ್ದ ವೆಬ್‌ಸೈಟಿನ ಹೆಸರನ್ನೂ ಬಿಡದೆ ಓದಿದಳು.

"ಈ ಮುಖ ಎಲ್ಲೋ ನೋಡಿದೀನಿ. ಡಾಂಚು, ಮಾರ್ಕೆಟ್ಟಲ್ಲಿ ಜೇನು ಮಾರ್ತಾನಲ್ಲ, ಗಡ್ಡದವನು, ಅವನ ಮಗಳ ಥರ ಇಲ್ವಾ? ಇರಿ, ಮಾರ್ಕೆಟ್ಟಿಗೇ ಕರ್ಕೊಂಡು ಹೋಗಿ ಕೇಳಿಬಿಡೋಣ."

ಇಲಿಂಕಾ ಅವನ ಮಗಳೇ. ಮಗಳು ಹಲ್ಲಿನ ಆಸ್ಪತ್ರೆಯಲ್ಲಿ ಚೀಟಿ ಬರೆಯುತ್ತಾಳೆಂದು ನಂಬಿದ್ದ ತಂದೆ ಅವನು. ಪೆತ್ರಾಕೆಯೂ ಅವನ ಹತ್ತಿರವೇ ಜೇನು ಕೊಳ್ಳುತ್ತಿದ್ದ. ಗೆರ್ಗಿನಾ ಆಗಲೇ ಕೋಟು ಹುಡುಕುತ್ತಿದ್ದಳು.

"ಅವಳಲ್ಲ," ಎಂದ ಪೆತ್ರಾಕೆ. ದನಿ ಒಡೆದುಹೋಯಿತು. "ಫೋಟೋ ಯಾವುದೋ ದೇಶದ್ದು, ಎಲ್ಲಿಂದಲೋ ತೆಗೆದಿದ್ದು. ಅಂಥ ಹುಡುಗಿ ಇಲ್ಲ. ಮೆಲಿಸ್ಸಾ ನಾನೇ. ಎಂಟು ತಿಂಗಳಿಂದ ಇವರಿಗೆ ಬರೀತಿರೋನು ನಾನು."

ಅದನ್ನೇ ಇಂಗ್ಲಿಷಿನಲ್ಲೂ ಹೇಳಿದ. ಫೋನು ಸುಮ್ಮನಿರಬಹುದಿತ್ತು, ಆದರೆ ಅದು ಎಲ್ಲವನ್ನೂ ಮತ್ತೊಮ್ಮೆ, ಘೋಷಣೆಯ ದನಿಯಲ್ಲಿ, ಅಡುಗೆಮನೆಗೆಲ್ಲ ಕೇಳುವಂತೆ ಅನುವಾದಿಸಿತು.

ಟೋರ್ಲೈಫ್ ಅವನ ಮೀಸೆ, ಚಪ್ಪಲಿ, ಮೊಣಕಾಲು ಎಲ್ಲವನ್ನೂ ಸಾವಕಾಶವಾಗಿ ನೋಡಿದ. ಹೂಗುಚ್ಛವನ್ನು ಒಲೆಯ ಮೇಲಿಟ್ಟು ಮೆಟ್ಟಿಲಿಳಿದು ಹೋದ.

ಗೆರ್ಗಿನಾ ಹೂ ಎಣಿಸಿದಳು. "ಆರು ತಂದಿದಾನೆ. ಸಮಸಂಖ್ಯೆ ಸತ್ತವರಿಗೆ ತರೋದು."

"ಇವತ್ತಿಗೆ ಸರಿಯಾಗೇ ಇದೆ," ಎಂದ ಡಾಂಚು.

ಮನೆಯಲ್ಲಿ ವೆತಾ ಆಲೂಗಡ್ಡೆ ಸುಲಿಯುತ್ತಾ ಕೂತಳು. ತಲೆ ಎತ್ತದೆ ಕೇಳಿದಳು: "ಬಚ್ಚಲಲ್ಲಿ ಅತ್ತಿದ್ದು ನಿಜವಾ?"

"ಹೂಂ."

"ನಾರ್ವೆಗೆ ಹೇಳಿದ್ದು ನಂಗೆ ಹೇಳೋಕಾಗ್ಲಿಲ್ವಾ?"

ಪೆತ್ರಾಕೆಗೆ ನೆಲ ಬಿರಿದರೆ ಸಾಕಾಗಿತ್ತು. ಬಾಲ್ಕನಿಗೆ ಹೋಗಿ ಇಲಿಂಕಾಳಿಗೆ ಫೋನ್ ಮಾಡಿ ಒಂದನ್ನೂ ಬಿಡದೆ ಹೇಳಿದ.

"ಅಂಕಲ್, ನನ್ನ ಮಗಳು ನೀವು ಬರೆದ ಅದೇ ಟ್ರಾಮಲ್ಲಿ ಶಾಲೆಗೆ ಹೋಗ್ತಾಳೆ," ಎಂದಳು ಅವಳು. "ಸೋಮವಾರದಿಂದ ನಾನು ಬೇರೆ ಹೆಸರು, ಬೇರೆ ಕೂದಲು. ನನ್ನ ಕೆಲಸಕ್ಕೆ ಇನ್ನು ನೀವು ಬೇಡ." ಫೋನ್ ಇಡುವ ಮೊದಲು, ಮೆಲ್ಲಗೆ, "ಅವರನ್ನೆಲ್ಲ ಅಪ್ಪನ ಹತ್ರ ಹೋಗೋಕೆ ಬಿಡಲಿಲ್ಲವಲ್ಲ, ಅದಕ್ಕೆ ಥ್ಯಾಂಕ್ಸ್," ಎಂದಳು.

ನಾಲ್ಕು ಗಂಟೆಗೆ ಸಾಂಡುವಿನ ಕರೆ ಬಂತು. ಬೈಗುಳಕ್ಕೆ ಸಿದ್ಧನಾಗಿ ಪೆತ್ರಾಕೆ ಕಣ್ಣು ಮುಚ್ಚಿಕೊಂಡ.

"ಅಂಕಲ್, ಆರಕ್ಕೆ ಬನ್ನಿ. ಒಳ್ಳೇ ಶರ್ಟ್ ಹಾಕ್ಕೊಂಡು ಬನ್ನಿ. ಆ ನಾರ್ವೆಯವನು ಹೋಟೆಲಿಂದ ಬರೆದಿದಾನೆ. ಹುಡುಗಿಯ ಚಿತ್ರ ಅವನು ಎಷ್ಟೋ ದಿನ ನೋಡ್ತಾನೇ ಇರಲಿಲ್ಲವಂತೆ, ಓದ್ತಿದ್ದನಂತೆ. ಬರೆದವರೇ ಬೇಕಂತೆ. ಒಂದು ತಿಂಗಳು ಪೂರ್ತಿ ಕಾದಿರಿಸಿದಾನೆ. ನೀವೇ ಕ್ಯಾಮೆರಾ ಮುಂದೆ ಕೂರಬೇಕು."

ಕೆಲಸ ಬಿಟ್ಟರೆ ಬಾಡಿಗೆಗೂ ಗತಿಯಿರಲಿಲ್ಲ. ಆರಕ್ಕೆ ಪೆತ್ರಾಕೆ, ಸೋದರಳಿಯನ ಮದುವೆಗೆ ಹೊಲಿಸಿದ್ದ ಕೋಟು ತೊಟ್ಟು, ಗುಲಾಬಿ ಬಣ್ಣದ ದೀಪದ ಕೆಳಗೆ, ಹೃದಯದಾಕಾರದ ದಿಂಬಿಗೆ ಒರಗಲೂ ಆಗದೆ ಬಿಡಲೂ ಆಗದೆ ಕೂತ. ತೆರೆಯ ಮೇಲೆ ಟೋರ್ಲೈಫನ ಶುಭಸಂಜೆ ಮೂಡಿತು. ನೋಡುತ್ತಿರುವವರು: ಒಬ್ಬರು.

ಪೆತ್ರಾಕೆ ಗಂಟಲು ಸರಿಮಾಡಿಕೊಂಡು ಹೋಟೆಲಿನ ಊಟ ಹೇಗಿತ್ತು ಎಂದು ಕೇಳಿದ. ನೋಡುತ್ತಿರುವವರು: ನಾಲ್ವರು. ಹದಿಮೂರು. ಇಪ್ಪತ್ತೊಂದು.

"ಸಾಂಡು, ಇವರೆಲ್ಲ ಯಾರು?" ಎಂದು ತುಟಿ ಅಲ್ಲಾಡಿಸದೆ ಕೇಳಿದ.

ಬಾಗಿಲ ಬಳಿ ನಿಂತಿದ್ದ ಸಾಂಡು ಹಣೆ ಚಚ್ಚಿಕೊಂಡ. "ಹುಡುಗಿಯರಿಗಾದರೆ ಮೊದಲ ದಿನವೇ ನಮ್ಮ ದೇಶದವರು ಯಾರೂ ನೋಡದ ಹಾಗೆ ಬಂದ್ ಮಾಡಿಡ್ತೀನಿ ಅಂಕಲ್. ನಿಮ್ಮನ್ನ ಯಾರು ನೋಡೋಕೆ ಬರ್ತಾರೆ ಅಂತ ಬಿಟ್ಟೆ."

ತೆರೆಯ ಮೇಲೆ ಸಾಲುಗಳು ಬೀಳತೊಡಗಿದವು, ಎಲ್ಲವೂ ರೊಮೇನಿಯನ್ನಿನಲ್ಲಿ. 'ಸ್ವಲ್ಪ ಜೋರಾಗಿ ಮಾತಾಡಿ, ಡಾಂಚುಗೆ ಕಿವಿ ಮಂದ.' 'ಇವತ್ತು ಗ್ಯಾಸ್ ನೋಡೋದಿಲ್ವಾ?' ಪೆತ್ರಾಕೆಯ ಕಿವಿ ದೀಪಕ್ಕಿಂತ ಗುಲಾಬಿಯಾಯಿತು.

ಕೊನೆಗೆ, ಹೆಸರಿಲ್ಲದೆ, ಒಂದು ಸಾಲು ಬಂತು.

'ಕಾಲರ್ ಮಡಚಿಕೊಂಡಿದೆ. ಸರಿಮಾಡ್ಕೊಳ್ಳಿ.'

ಯಾರು ಬರೆದದ್ದೆಂದು ಯಾರೂ ಹೇಳಬೇಕಾಗಿರಲಿಲ್ಲ. ಪೆತ್ರಾಕೆ ತಲೆ ತಗ್ಗಿಸಿ, ಇಪ್ಪತ್ತೊಂದು ಜನರ ಕಣ್ಣೆದುರು, ಕಾಲರ್ ಸರಿಮಾಡಿಕೊಂಡ.