ಸಂತಳೋ ಸಂತೆಯೋ

ಆವತ್ತಿನ ರಗಳೆಗೆಲ್ಲ ಮೂಲ ಟೈಲರಕ್ಕನ ಗಂಟಲು. ಬಟ್ಟೆಯ ಅಳತೆ ಎಷ್ಟು ಕರಾರುವಾಕ್ಕಾಗಿ ತೆಗೆಯುತ್ತಿದ್ದಳೋ ಬೀದಿಯವರ ದನಿಯನ್ನೂ ಅಷ್ಟೇ ಕರಾರುವಾಕ್ಕಾಗಿ ತೆಗೆಯುತ್ತಿದ್ದಳು. ಪಕ್ಕದಂಗಡಿಯಲ್ಲಿ ಬೀಗ ರಿಪೇರಿ ಮಾಡುವ ಬೀಗದಣ್ಣನ ಹೆಂಡತಿ ಹೋದ ವರ್ಷ ತೀರಿಕೊಂಡಿದ್ದಳು. ಆಕೆಯ ಬೈಗುಳ ಬೀದಿಗೆಲ್ಲ ಬಾಯಿಪಾಠ. ಬೆಳಿಗ್ಗೆ ಹೊಲಿಗೆ ಯಂತ್ರಕ್ಕೆ ಎಣ್ಣೆ ಬಿಡುತ್ತಿದ್ದ ಟೈಲರಕ್ಕ ಎದ್ದು, ಸೊಂಟಕ್ಕೆ ಕೈ ಕೊಟ್ಟು, ಥೇಟ್ ಆಕೆಯ ದನಿಯಲ್ಲೇ ಕೂಗಿದಳು.

"ಏನ್ರೀ, ಊರಿನ ಬೀಗ ಎಲ್ಲ ತೆಗೀತೀರಿ, ನಿಮ್ಮ ಬಾಯಿ ಬೀಗ ತೆಗೆಯೋಕೆ ಯಾರನ್ನ ಕರೆಸಲಿ?"

ದಿನಾ ಇದಕ್ಕೆ ಬೀಗದಣ್ಣ ತಲೆ ತಗ್ಗಿಸಿ ನಕ್ಕು ಸುಮ್ಮನಾಗುತ್ತಿದ್ದ. ಇವತ್ತು ಎದುರಿಗೆ ಹೊಸ ಗಿರಾಕಿಯೊಬ್ಬ ನಿಂತಿದ್ದ. ಇಂಥ ಬಾಯಿಯ ಹೆಂಗಸಿನ ಜೊತೆ ಯಾವ ಪುಣ್ಯಾತ್ಮ ಬಾಳಿದನೋ ಎಂದು ಅವನು ಕನಿಕರ ತೋರಿಸಿದ. ಪುಣ್ಯಾತ್ಮನ ಕಿವಿ ಕೆಂಪಾಯಿತು.

"ಅವಳು ಸಂತಳು" ಎಂದುಬಿಟ್ಟ.

ಎದುರಿನ ಟೀ ಅಂಗಡಿಯವನು ಲೋಟ ತೊಳೆಯುವುದನ್ನು ನಿಲ್ಲಿಸಿದ. "ಸಂತಳಲ್ಲ ಅಣ್ಣಾ, ಸಂತೆ. ಒಬ್ಬಳೇ ಇಡೀ ಸಂತೆ."

ಬೀದಿ ಬಿದ್ದು ಬಿದ್ದು ನಕ್ಕಿತು. ಅಲ್ಲಿಯ ಬಹುಪಾಲು ಜನ ಒಂದೇ ಚರ್ಚಿಗೆ ಹೋಗುವವರು. ಸಂತರೆಂದರೆ ಅದರ ಬಣ್ಣದ ಗಾಜಿನ ಕಿಟಕಿಯ ಚಿತ್ರಗಳಲ್ಲಿ ಕಣ್ಣು ಮೇಲೆ ಮಾಡಿ ನಿಂತವರು ಎಂದು ಎಲ್ಲರಿಗೂ ಗೊತ್ತಿತ್ತು. ಟೀ ಕುಡಿಯುತ್ತಿದ್ದ ನಿವೃತ್ತ ಮೇಷ್ಟ್ರು ಮಾತ್ರ ನಗಲಿಲ್ಲ. ಸಂತಪದವಿ ಎಂದರೆ ಬಾಯಿಗೆ ಬಂದವರಿಗೆ ಕೊಡುವಂಥದ್ದಲ್ಲ, ಪವಾಡ ಆಗಿರಬೇಕು, ಅದಕ್ಕೆ ಸಾಕ್ಷಿ ಇರಬೇಕು ಎಂದು ತರಗತಿಯಲ್ಲಿ ಹೇಳಿದಂತೆ ಹೇಳಿದರು.

ಬೀಗದಣ್ಣ ಯಾರಿಗೂ ಎದುರಾಡಿದವನಲ್ಲ. ಆದರೆ ಸಾಧು ಎತ್ತು ಹಠ ಹಿಡಿದರೆ ಗಾಡಿ ಅಲುಗುವುದಿಲ್ಲ. ಅಂಗಡಿಯ ಬಾಗಿಲೆಳೆದು, ಒತ್ತಿದರೆ ಬೀಳುವ ಬೀಗವನ್ನು ಒತ್ತಿ, ಸಾಕ್ಷಿ ಹುಡುಕಲು ಹೊರಟ.

ಆಕೆ ತಕ್ಕಡಿಯ ಬುಡ ಎತ್ತಿ ನೋಡಿದ ದಿನದಿಂದ ತನ್ನ ಅಂಗಡಿಯಲ್ಲಿ ತೂಕ ತಪ್ಪಿಲ್ಲ ಎಂದು ದಿನಸಿಯವನು ಒಪ್ಪಿಕೊಂಡ. ಪವಾಡವೇನೋ ಹೌದು, ಅದನ್ನು ಮೇಷ್ಟ್ರ ಮುಂದೆ ಹೇಳಲು ಮಾತ್ರ ತಯಾರಿರಲಿಲ್ಲ. ಮಹಡಿ ಮನೆಯ ಕಿವುಡಜ್ಜಿಗೆ ಲೋಕದಲ್ಲಿ ಕೇಳಿಸುತ್ತಿದ್ದ ದನಿ ಆಕೆಯದೊಂದೇ ಎಂದು ಅಜ್ಜಿಯ ಸೊಸೆ ಹೇಳಿದಳು. ಬೀಗದಣ್ಣ ಖುಷಿಯಿಂದ ಅಜ್ಜಿಯ ಪಕ್ಕ ಕುಳಿತು, ಬಂದು ಸಾಕ್ಷಿ ಹೇಳಬೇಕೆಂದು ಕೇಳಿಕೊಂಡ. ಎಷ್ಟು ಕಿರುಚಿದರೂ ಅಜ್ಜಿಗೆ ಕೇಳಿಸಲಿಲ್ಲ.

ಬರಿಗೈಯಲ್ಲಿ ವಾಪಸಾದವನಿಗೆ ಕೀಲಿ ಅಂಗಡಿಯ ಒಳಗೇ ಉಳಿದದ್ದು ಆಗ ಹೊಳೆಯಿತು. ಹತಾರಗಳೂ ಒಳಗೇ. ಬೀಗದವನೇ ಬೀಗಕ್ಕೆ ಸಿಕ್ಕಿಬಿದ್ದ ಸುದ್ದಿ ಕೇಳಿ ಬೀದಿಯೆಲ್ಲ ಸೇರಿ ತಲೆಗೊಂದು ಸಲಹೆ ಕೊಟ್ಟಿತು. ಕೊನೆಗೆ ಟೈಲರಕ್ಕನ ಕತ್ತರಿಯೂ ಸೋತಾಗ ಬೀಗದಣ್ಣ ಕಲ್ಲೆತ್ತಿದ. ಆನೆ ತುಳಿದರೂ ಮುರಿಯಲ್ಲ ಎಂದು ಎಲ್ಲರಿಗೂ ಮಾರಿದ್ದ ಬೀಗ ಅದು. ಎರಡನೇ ಏಟಿಗೆ ಹಪ್ಪಳದಂತೆ ಮುರಿದುಬಿತ್ತು. ಅಂಥದ್ದನ್ನೇ ಕೊಂಡಿದ್ದವರು ಒಬ್ಬರ ಮುಖ ಒಬ್ಬರು ನೋಡಿಕೊಂಡು, ಕೆಲವರು ಬೀಗ ತರಲು ಮನೆಗೇ ಓಡಿದರು.

ಗದ್ದಲ ಕೇಳಿ ಸೈಕಲ್ಲಿಳಿದ ಪಾದ್ರಿಗಳ ಮುಂದೆ ಮೇಷ್ಟ್ರು ಕೇಸು ಇಟ್ಟರು. ಪಾದ್ರಿಗಳು ಕೇಳಿಸಿಕೊಂಡು, ಹಣೆಯ ಬೆವರು ಒರೆಸಿಕೊಂಡರು.

"ಬೈಬಲಿನಲ್ಲಿ ಪೌಲ ಕಾಗದ ಬರೆದಿದ್ದು ಯಾರಿಗೆ, ಮೇಷ್ಟ್ರೇ? ಬದುಕಿದ್ದವರಿಗೆ. ಜಗಳ ಆಡೋರು, ಒಬ್ಬರ ಮೇಲೊಬ್ಬರು ಕೋರ್ಟಿಗೆ ಹೋದವರು. ಅವರನ್ನೇ ಆತ ಸಂತರು, ಪರಿಶುದ್ಧರು ಅಂತ ಕರೀತಾನೆ. ಕರೆದು, ಆಮೇಲೆ ಚೆನ್ನಾಗಿ ಬೈತಾನೆ. ಒಳ್ಳೆಯವರಾಗಿದ್ದಕ್ಕೆ ಸಂತರಾದವರಲ್ಲ ಅವರು. ಇವರು ನನ್ನವರು ಅಂತ ದೇವರು ತೆಗೆದಿಟ್ಟುಕೊಂಡಿದ್ದಕ್ಕೆ ಆದವರು. ಗಾಜಿನ ಕಿಟಕಿ ಎಲ್ಲ ಆಮೇಲೆ ಬಂದದ್ದು."

ಹಾಗಾದರೆ ಬೀಗದಣ್ಣನ ಹೆಂಡತಿ ಎಂದು ಮೇಷ್ಟ್ರು ರಾಗ ಎಳೆದರು. ಸಂತಳೇ, ಅನುಮಾನ ಬೇಡ ಎಂದರು ಪಾದ್ರಿಗಳು. ನಾವೂನಾ ಎಂದು ಟೀ ಅಂಗಡಿಯವನು ಮೆಲ್ಲಗೆ ಕೇಳಿದ. ನಂಬಿದವರೆಲ್ಲ ಎಂಬ ಉತ್ತರ ಬಂದಾಗ, ಅಂಗಿಯ ಮೇಲಿನ ಗುಂಡಿ ಹಾಕಿಕೊಂಡ. ಟೈಲರಕ್ಕ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು.

ಬೀಗದಣ್ಣ ಜೀವನದಲ್ಲಿ ಮೊದಲ ಸಲ ಒಂದು ವಾದ ಗೆದ್ದಿದ್ದ. ವಾಪಸು ಬಂದ ಬೀಗಗಳ ರಾಶಿಯ ನಡುವೆ ಎದೆಯುಬ್ಬಿಸಿ ಕುಳಿತ.

ಸಂಜೆಯ ಹೊತ್ತಿಗೆ ಬೀದಿ ಆಕೆಯ ಬಗ್ಗೆ ಪಿಸುಮಾತಿನಲ್ಲಿ ಮಾತಾಡತೊಡಗಿತ್ತು. ಆಕೆಯದು ಬೆಣ್ಣೆಯಂಥ ಮಾತು ಎಂದು ಟೀ ಅಂಗಡಿಯವನು ಗಿರಾಕಿಗಳಿಗೆ ಹೇಳುತ್ತಿದ್ದ. ಆಕೆ ದನಿ ಎತ್ತಿದ್ದನ್ನೇ ತಾನು ಕಂಡಿಲ್ಲ ಎಂದ ದಿನಸಿಯವನು. ಮೇಷ್ಟ್ರು ತಲೆದೂಗಿದರು. ಬೀಗದಣ್ಣ ಕಿವಿಗೊಟ್ಟು ಕೇಳಿದ. ಅವರು ಯಾರ ಹೆಂಡತಿಯ ಬಗ್ಗೆ ಹೇಳುತ್ತಿದ್ದಾರೋ ಅವನಿಗೆ ತಿಳಿಯಲಿಲ್ಲ. ಅಂಗಡಿ ಮುಚ್ಚುವ ಮುಂಚೆ ಟೈಲರಕ್ಕನ ಹೊಸ್ತಿಲಿಗೆ ಹೋಗಿ ನಿಂತ.

"ಅಕ್ಕಾ, ಬೆಳಿಗ್ಗೆ ಅಂದ್ರಲ್ಲ, ಅದನ್ನ ಇನ್ನೊಂದ್ಸಲ ಹೇಳ್ತೀರಾ?"

ಟೈಲರಕ್ಕ ದಾರ ಕೆಳಗಿಟ್ಟಳು. "ಬೇಡ ಅಣ್ಣಾ. ಇಷ್ಟು ದಿನ ಆಡ್ಕೊಂಡಿದ್ದೇ ಪಾಪ. ಇನ್ನು ಈ ಬಾಯಲ್ಲಿ ಆ ದನಿ ಬರಲ್ಲ."

ಬೈದರೂ ಸಂತರು ಸಂತರೇ ಅಂತ ತಾನೇ ಪಾದ್ರಿಗಳು ಹೇಳಿದ್ದು ಎಂದು ಅವನು ನೆನಪಿಸಿದ. ನಿಮ್ಮದು ದೊಡ್ಡ ಮನಸ್ಸು ಎಂದು ಅವಳು ಕಣ್ಣೊರೆಸಿಕೊಂಡಳು.

"ಅದಕ್ಕಲ್ಲ ಅಕ್ಕಾ, ನಾನು ಕೇಳಿದ್ದು..." ಎಂದ. ಮಾತನ್ನು ಅರ್ಧಕ್ಕೇ ಬಿಟ್ಟು ಹೊರಟ.

ಮನೆಗೆ ಬಂದು ದೀಪ ಹಾಕಿದ. ಕೈಗೆ ಗ್ರೀಸ್ ಮೆತ್ತಿತ್ತು. ನಲ್ಲಿಯವರೆಗೂ ಹೋದವನು ತಿರುಗಿ ಬಂದು, ಕೊಳೆ ಕೈಯಲ್ಲಿ ಮುಟ್ಟಿದರೆ ಹೆಂಡತಿ ಬೈಯುತ್ತಿದ್ದ ಕಿಟಕಿಯ ಬಿಳಿ ಪರದೆಗೆ ಎರಡೂ ಕೈಗಳನ್ನು ನಿಧಾನವಾಗಿ, ಚೆನ್ನಾಗಿ ಒರೆಸಿದ. ಅಡುಗೆಮನೆಯ ಕಡೆ ಮುಖ ಮಾಡಿ ಸ್ವಲ್ಪ ಹೊತ್ತು ನಿಂತ. ಏನೂ ಕೇಳಿಸಲಿಲ್ಲ.

ಆಮೇಲೆ ಪರದೆ ಬಿಚ್ಚಿ, ಬಕೆಟ್ಟಿನಲ್ಲಿ ನೆನೆಹಾಕಿದ.