ಲಟ್ಟಣಿಗೆಗೆ ಪಾಯಿಂಟ್ ಇಲ್ಲ

ಹಿಟ್ಟು ಕಲಸಿ, ಉಂಡೆ ಕಟ್ಟಿ, ಮಣೆಯ ಮೇಲೆ ಒಣಹಿಟ್ಟು ಉದುರಿಸಿ ಮರೀನಾ ಕೈಚಾಚಿದಳು. ಲಟ್ಟಣಿಗೆ ಇರಲಿಲ್ಲ.

ಪಾತ್ರೆಗಳ ಬುಟ್ಟಿಯಲ್ಲಿ ನೋಡಿದಳು, ಫ್ರಿಜ್ಜಿನ ಹಿಂದೆ ನೋಡಿದಳು, ಅಕ್ಕಿ ಡಬ್ಬದೊಳಗೆ ಕೈಹಾಕಿ ತಡಕಿದಳು. ಕೊನೆಗೆ ವಾಷಿಂಗ್ ಮೆಷಿನ್ನಿನ ಬಾಗಿಲನ್ನೂ ತೆರೆದು ನೋಡಿ, ತನ್ನ ಬುದ್ಧಿಗೆ ತಾನೇ ಬೈದುಕೊಂಡು ಮುಚ್ಚಿದಳು.

“ಓಯ್, ಲಟ್ಟಣಿಗೆ ನೋಡಿದ್ರಾ?”

ಗಂಡ ರಾನ್ಸನ್ ಸೋಫಾದ ಮೇಲೆ ಕಾಲು ಚಾಚಿ ಮೊಬೈಲಿನಲ್ಲಿ ಕಾರ್ ರೇಸ್ ನೋಡುತ್ತಿದ್ದ. ವಾರವಿಡೀ ಸರ್ವಿಸ್ ಕೌಂಟರಿನಲ್ಲಿ ಕುಳಿತು ಊರವರ ಕಾರುಗಳ ರೋಗ ಬರೆದುಕೊಳ್ಳುವ ಅವನಿಗೆ ರಜೆಯ ಶುಕ್ರವಾರವೂ ಕಾರೇ ಬೇಕು. “ನಾನೆಂತ ಅದನ್ನು ಆಫೀಸಿಗೆ ತಗೊಂಡು ಹೋಗ್ತೇನಾ ಮಾರಾಯ್ತಿ?” ಎಂದ, ತಲೆ ಎತ್ತದೆ.

ಲಟ್ಟಣಿಗೆ ಸಿಕ್ಕಿದ್ದು ಮಗಳ ಮಂಚದ ಕೆಳಗೆ. ಖರ್ಜೂರದ ರಟ್ಟಿನ ಪೆಟ್ಟಿಗೆಯೊಂದಕ್ಕೆ ಎರಡೂ ಬದಿಯಲ್ಲಿ ತೂತು ಕೊರೆದು, ಲಟ್ಟಣಿಗೆಯ ಹಿಡಿಗಳನ್ನು ಆ ತೂತುಗಳಲ್ಲಿ ಕೂರಿಸಲಾಗಿತ್ತು. ಮುಂದೆ ಮೊಸರಿನ ಡಬ್ಬದ ಎರಡು ಮುಚ್ಚಳ. ಮೈಮೇಲೆ ಸ್ಕೆಚ್ ಪೆನ್ನಿನ ಕೆಂಪು ಪಟ್ಟೆ. ಮರೀನಾ ಬೆರಳಲ್ಲಿ ಮೆಲ್ಲಗೆ ದೂಡಿದಳು. ಅದು ಕೋಣೆಯ ಉದ್ದಕ್ಕೂ ಗಂಭೀರವಾಗಿ ಉರುಳಿಹೋಗಿ ಕಪಾಟಿಗೆ ಮುಟ್ಟಿ ನಿಂತಿತು.

ಒಂಬತ್ತು ವರ್ಷದ ಜಾನಿಸ್ ಬಾಗಿಲಲ್ಲಿ ನಿಂತಿದ್ದಳು. “ಸಾರಿ ಮಮ್ಮಾ. ಈಗ್ಲೇ ತೆಗೆದು ಕೊಡ್ತೇನೆ. It won't count anyway. ಸೇಸಪ್ಪ ಅಂಕಲ್‌ನ ರೂಲ್‌ನಲ್ಲಿ ನಾಲ್ಕು ಚಕ್ರ ಬೇಕು.” ಕಪಾಟಿನ ಬಳಿಯಿಂದ ಕಾರನ್ನು ಎತ್ತಿಕೊಂಡು, “ಮಮ್ಮಾ, why do they…” ಎಂದಳು.

“ಎಂತ ಪುತಾ?”

“Nothing.”

ಮಗಳ ಗಂಟಲಲ್ಲಿ ಎರಡು ತಿಂಗಳಿಂದ ಏನೋ ಸಿಕ್ಕಿಕೊಂಡಿದೆ ಎಂದು ಮರೀನಾಳಿಗೆ ಗೊತ್ತಿತ್ತು. ಎಲ್ಲಿಂದ ಎನ್ನುವುದೂ ಗೊತ್ತಿತ್ತು.

ಕೊಲ್ಲಿ ದೇಶದ ಮಹಬೂಲಾದ ಆ ಏಳು ಮಹಡಿಯ ಬಿಲ್ಡಿಂಗಿನಲ್ಲಿ ಶುಕ್ರವಾರ ಸಂಜೆ ನಾಲ್ಕಕ್ಕೆ ಮಕ್ಕಳ ರೇಸ್. ಮನೆಯ ಹಳೇ ಡಬ್ಬ, ಮುಚ್ಚಳಗಳಿಂದ ಕಾರು ಮಾಡಿ, ಬೇಸ್‌ಮೆಂಟಿಗೆ ಇಳಿಯುವ ರ‍್ಯಾಂಪಿನ ಮೇಲಿಂದ ಬಿಡಬೇಕು. ಯಾವುದು ಹೆಚ್ಚು ದೂರ ಹೋಗುತ್ತದೋ ಅದಕ್ಕೆ ಗೆಲುವು. ಮೊದಲೆಲ್ಲ ಶುಕ್ರವಾರ ಗೆದ್ದವರು ಯಾರೆಂದು ಶನಿವಾರ ಯಾರಿಗೂ ನೆನಪಿರುತ್ತಿರಲಿಲ್ಲ. ಆಮೇಲೆ ಐದನೇ ಮಹಡಿಯ ಸೇಸಪ್ಪ ಉಸ್ತುವಾರಿ ವಹಿಸಿಕೊಂಡರು. ಕಟ್ಟಡದ ಕಂಪನಿಯೊಂದರಲ್ಲಿ ಇಪ್ಪತ್ತೆರಡು ವರ್ಷದಿಂದ ಟೈಮ್‌ಕೀಪರ್. ಯಾರು ಬಂದರು, ಯಾರು ತಡವಾಗಿ ಬಂದರು ಎಂದು ಹಾಳೆಯಲ್ಲಿ ತುಂಬದಿದ್ದರೆ ಅವರಿಗೆ ಉಂಡ ಅನ್ನ ಕರಗದು. ಗೆದ್ದರೆ ಹತ್ತು ಪಾಯಿಂಟ್, ಹಿಂದಿನವರಿಗೆ ಇಳಿಯುತ್ತ ಬಂದು ಕಡೆಯವರಿಗೆ ಸೊನ್ನೆ, ಸೀಟಿ ಊದಿದ ಮೇಲೆ ಬಂದರೆ ಒಂದು ಕಟ್. ಪ್ರತಿ ವಾರದ ಪಟ್ಟಿ ಲಿಫ್ಟಿನೊಳಗೆ.

ಆ ಪಟ್ಟಿಯ ತುದಿಯಲ್ಲಿ ಜಾನಿಸ್, ಸೊನ್ನೆ. ನೀರಿನ ಕ್ಯಾನ್ ತರುವವನೂ ಅದನ್ನು ಓದಿಯೇ ಮೇಲೆ ಬರುತ್ತಿದ್ದ. ಎರಡು ತಿಂಗಳಿಂದ ಹುಡುಗಿ ರೇಸಿಗೆ ಇಳಿದಿಲ್ಲ. ಆರನೇ ಮಹಡಿಯಿಂದ ಸ್ಕೂಲ್ ಬಸ್ಸಿಗೆ ಮೆಟ್ಟಿಲಿಳಿದೇ ಹೋಗುತ್ತಾಳೆ. ಕೇಳಿದರೆ ಎಕ್ಸರ್‌ಸೈಜ್ ಎನ್ನುತ್ತಾಳೆ.

“ನಿನಗೆ ಗೊತ್ತುಂಟಾ, ದೊಡ್ಡ ರೇಸಿನಲ್ಲೂ ಹೀಗೇ ಆದದ್ದು,” ಎಂದ ರಾನ್ಸನ್, ಲಟ್ಟಣಿಗೆಯ ಕಾರನ್ನು ತಿರುಗಿಸಿ ಮುರುಗಿಸಿ ನೋಡುತ್ತ. “ಐವತ್ತು, ಅರವತ್ತರ ದಶಕದಲ್ಲಿ ಫಾರ್ಮುಲಾ ವನ್‌ನಲ್ಲಿ ಪಾಯಿಂಟ್ ಇಲ್ಲದ ರೇಸುಗಳು ಬೇಕಾದಷ್ಟಿದ್ದವು. ಕೆಲವು ವರ್ಷ ಪಾಯಿಂಟಿನ ರೇಸಿಗಿಂತ ಅವೇ ಜಾಸ್ತಿ. ಹೊಸ ಕಾರು ಹೇಗೆ ಓಡ್ತದೆ ನೋಡ್ಲಿಕ್ಕೆ, ಹೊಸಬರಿಗೊಂದು ಚಾನ್ಸ್ ಕೊಡ್ಲಿಕ್ಕೆ. ಸೋತ್ರೆ ಏನೂ ಹೋಗುವುದಿಲ್ಲ.”

“ಮತ್ತೆ?”

“ಮತ್ತೆಂತ, ಪಾಯಿಂಟಿನ ರೇಸ್ ಹೆಚ್ಚಾಯ್ತು, ಖರ್ಚೂ ಹೆಚ್ಚಾಯ್ತು. ಲೆಕ್ಕಕ್ಕಿಲ್ಲದ ರೇಸಿಗೆ ಕಾರು ಯಾಕೆ ಸವೆಸುವುದು ಅಂತ ದೊಡ್ಡ ಟೀಮುಗಳು ಬರುವುದು ಬಿಟ್ಟವು. ಎಂಬತ್ತಮೂರರಲ್ಲಿ ಇಂಗ್ಲೆಂಡಿನಲ್ಲಿ ಕಡೆಯದ್ದು. ಆಮೇಲೆ ಖಲಾಸ್.”

“ನಿಲ್ಲಿಸಿದ್ದು ಯಾರು?”

“ಯಾರೂ ಇಲ್ಲ. ತನ್ನಷ್ಟಕ್ಕೆ ನಿಂತದ್ದು.”

ಮರೀನಾ ಹಿಟ್ಟಿನ ಕೈಯನ್ನು ಏಪ್ರನ್ನಿಗೆ ಒರೆಸಿಕೊಂಡಳು. “ನಮ್ಮ ಬಿಲ್ಡಿಂಗಿನಲ್ಲಿ ನಿಲ್ಲುವುದಿಲ್ಲ,” ಎಂದಳು. ರಾನ್ಸನ್ ಗಾಬರಿಯಿಂದ ತಲೆ ಎತ್ತಿದ. ಹೆಂಡತಿ ಈ ದನಿಯಲ್ಲಿ ಮಾತಾಡಿದ ದಿನ ಮನೆಯಲ್ಲಿ ಹೊತ್ತಿಗೆ ಸರಿಯಾಗಿ ಊಟ ಆದದ್ದಿಲ್ಲ.

ಬಿಲ್ಡಿಂಗಿನ ಗ್ರೂಪಿಗೆ ಮೆಸೇಜ್ ಹೋಯಿತು: ‘ಇವತ್ತು ನಾಲ್ಕಕ್ಕೆ ಪಾಯಿಂಟ್ ಇಲ್ಲದ ರೇಸ್. ಎಷ್ಟು ಚಕ್ರವೂ ಆಗಬಹುದು.’ ನೀಲಿ ಗೆರೆಗಳು ಬಂದವು, ಉತ್ತರ ಬರಲಿಲ್ಲ. ಹತ್ತು ನಿಮಿಷಕ್ಕೆ ಬಾಗಿಲ ಗಂಟೆ ಸದ್ದಾಯಿತು. ಸೇಸಪ್ಪನವರ ಹೆಂಡತಿ ರಾಜೀವಿ.

“ಮರೀನಕ್ಕ, ಬೇಜಾರು ಮಾಡ್ಬೇಡಿ. ನಮ್ಮ ತಿಲಕ್ ಎಂಬತ್ತನಾಲ್ಕು ಪಾಯಿಂಟಿನಲ್ಲಿ ಫಸ್ಟ್ ಉಂಟು. ಸುಮ್ನೆ ಓಡಿಸಿ ಕಾರು ಒಡೆದ್ರೆ? ಎಂತ ಲಾಭ ಹೇಳಿ.”

“ಲಾಭ ಎಂತದೂ ಇಲ್ಲ ರಾಜೀವಕ್ಕ. ಅದಕ್ಕೇ ಇಡುವುದು.”

ರಾಜೀವಿ ಬಿಸಿಲಿಗೆ ಅಕ್ಕಿ ಒಣಗಿಸಲಿಟ್ಟವರು ಮೋಡ ನೋಡುವ ಹಾಗೆ ಅವಳನ್ನು ನೋಡಿದರು.

“ಗೋಳಿಬಜೆ ಮಾಡ್ತೇನೆ,” ಎಂದಳು ಮರೀನಾ.

ರಾಜೀವಿಯ ಹಿಂದಿನಿಂದ ಹದಿಮೂರರ ತಿಲಕ್‌ನ ತಲೆ ಇಣುಕಿತು. “ಎಷ್ಟು ಆಂಟಿ?”

“ಬಂದವರಿಗೆಲ್ಲ ನಾಲ್ಕು.”

“Champion-ಗೆ ಎಂಟು ಕೊಟ್ರೆ ಬರ್ತೇನೆ.”

ಒಳಗಿನಿಂದ ರಾನ್ಸನ್ ನಕ್ಕ. “ಹಿಂದೆಯೂ ಹೀಗೇ! ದೊಡ್ಡ ಡ್ರೈವರ್ ಬರ್ಲಿಕ್ಕೆ ಮೊದಲೇ ಕೈಬಿಸಿ ಮಾಡ್ಬೇಕಿತ್ತು.”

ಎಂಟರ ಸುದ್ದಿ ತಿಲಕ್‌ಗಿಂತ ಮೊದಲೇ ಮೆಟ್ಟಿಲಿಳಿಯಿತು. ಮೂರನೇ ಮಹಡಿಯ ಅವಳಿಗಳು ಆರಾರು ಕೇಳಿದರು. ಎರಡನೆಯ ಮಹಡಿಯವರು ಚಟ್ನಿಯೂ ಇದೆಯೇ ಎಂದು ವಿಚಾರಿಸಿದರು. ಮಧ್ಯಾಹ್ನ ರಾನ್ಸನ್ ನಿನ್ನೆಯ ಕುಬೂಸ್ ರೊಟ್ಟಿ ತಿಂದ. ಚಪಾತಿ ಉಂಡೆಗಳು ಬಟ್ಟೆಯ ಕೆಳಗೆ ಬಿರುಕು ಬಿಟ್ಟವು. ಮರೀನಾ ಮೈದಾ ಕಲಸಿ, ಬಾಣಲೆಯ ಮುಂದೆ ನಿಂತು, ತೊಂಬತ್ತಾರರವರೆಗೆ ಎಣಿಸಿ ಆಮೇಲೆ ಲೆಕ್ಕ ಬಿಟ್ಟಳು.

ಮೂರೂವರೆಗೆ ಕೆಳಗಿಳಿದರೆ ರ‍್ಯಾಂಪಿನ ನಡುವೆಯೇ ಒಂದು ಬಿಳಿ ಜೀಪು ನಿಂತಿದೆ. ಬಿಲ್ಡಿಂಗ್ ನೋಡಿಕೊಳ್ಳುವ ಸಿರಾಜುದ್ದೀನ್ ಕೈ ಅಲ್ಲಾಡಿಸಿದ. “ಲಿಸ್ಟ್ ಮೇ ನಹೀ ಹೈ, ಬೆಹೆನ್. ಸೇಸಪ್ಪ ಸಾಬ್ ಲಿಸ್ಟ್ ಭೇಜ್ತಾ, ತಬ್ ಮೈ ಗಾಡಿ ಹಟಾತಾ.” ಸೇಸಪ್ಪ ಲಿಸ್ಟ್ ಕಳಿಸಿದರಷ್ಟೇ ಅವನು ಗಾಡಿ ತೆಗೆಸುವುದು.

“ಇದು ಲಿಸ್ಟಿನಲ್ಲಿ ಇಲ್ಲದ ರೇಸ್, ಭಾಯಿ!”

“ತೋ ಗಾಡಿ ಭೀ ಲಿಸ್ಟ್ ಮೇ ನಹೀ.”

ಮರೀನಾ ಒಂದರಿಂದ ಏಳರವರೆಗೆ ಬಾಗಿಲು ತಟ್ಟುತ್ತ ಹೋದಳು. ಜೀಪಿನ ಧಣಿ ಏಳನೆಯದರಲ್ಲಿ ಸಿಕ್ಕಿದ. ಮಧ್ಯಾಹ್ನದ ನಿದ್ದೆಯಿಂದ ಎದ್ದು ಬಂದ ಮುಖ ಮುದ್ದೆಯಾದ ದಿಂಬಿನ ಹಾಗಿತ್ತು. ಆರು ಗೋಳಿಬಜೆಗೆ ಒಪ್ಪಿ, ಲುಂಗಿಯಲ್ಲೇ ಬಂದು ಗಾಡಿ ತೆಗೆದ. ಸಿರಾಜುದ್ದೀನ್ ತನ್ನ ಪಾಲನ್ನು ಕೇಳದೆಯೇ ತೆಗೆದುಕೊಂಡ.

ನಾಲ್ಕಕ್ಕೆ ಸೇಸಪ್ಪ ಮಡಚುವ ಮೇಜು, ಸೀಟಿ, ಫೈಲು ಹಿಡಿದು ಬಂದರು.

“ಸೇಸಪ್ಪಣ್ಣ, ಇವತ್ತು ಬರೆಯುವುದು ಬೇಡ.”

“ಇಲ್ಲ ಇಲ್ಲ ಮರೀನಕ್ಕ, ಪಾಯಿಂಟ್ ಕೊಡುವುದಿಲ್ಲ, ಮಾತು ಅಂದ್ರೆ ಮಾತು. ಸುಮ್ನೆ ಕೂತ್ಕೊಳ್ತೇನೆ. ಪೆನ್ನು ಕೈಯಲ್ಲಿಲ್ಲದಿದ್ರೆ ನನಗೆ ಕೈ ನಡುಗ್ತದೆ.”

ಜಾನಿಸ್ ಖರ್ಜೂರದ ಪೆಟ್ಟಿಗೆಯನ್ನು ಎದೆಗವಚಿಕೊಂಡು ಮೆಟ್ಟಿಲಿಳಿದು ಬಂದಳು. ಮಕ್ಕಳು ನಕ್ಕರು. ಅವಳು ಅಮ್ಮನ ಮುಖ ನೋಡಿದಳು. “ಬಿಡು ಪುತಾ,” ಎಂದಳು ಮರೀನಾ. “ಇವತ್ತು ಏನೂ ಹೋಗುವುದಿಲ್ಲ.”

ಸೇಸಪ್ಪ ಸೀಟಿ ಊದಿದರು.

ಏನೂ ಹೋಗುವುದಿಲ್ಲ ಎಂದು ಎಲ್ಲರೂ ಹೊಸತೊಂದನ್ನು ಮಾಡಿ ತಂದಿದ್ದರು. ತಿಲಕ್ ದೊಡ್ಡ ಚಕ್ರ ಹಾಕಿದ್ದ. ಅವನ ಕಾರು ಮೇಕೆಯಂತೆ ಎರಡು ಸಲ ನೆಗೆದು ಕಂಬಕ್ಕೆ ಬಡಿದು ನಾಲ್ಕು ಭಾಗವಾಯಿತು, ತಿಲಕ್ ಹೊಟ್ಟೆ ಹಿಡಿದುಕೊಂಡು ನಕ್ಕ. ಅವನ ತಂಗಿ ಆರು ವರ್ಷದ ಶರಣ್ಯಾ ಅಪ್ಪನ ಹಳೇ ಬೂಟಿಗೆ ಬಾಟಲಿ ಮುಚ್ಚಳ ಅಂಟಿಸಿದ್ದಳು. ಅದು ಮೂರು ಹೆಜ್ಜೆ ಹೋಗಿ ಮಗುಚಿತು. ಎಲ್ಲರಿಗಿಂತ ಜೋರಾಗಿ ಚಪ್ಪಾಳೆ ಹೊಡೆದವಳು ಅವಳೇ. ಲಟ್ಟಣಿಗೆ ಮಾತ್ರ ಯಾವುದಕ್ಕೂ ತಲೆಕೆಡಿಸಿಕೊಳ್ಳದೆ, ಅತ್ತಿತ್ತ ತಿರುಗದೆ, ಗುಡುಗುಡು ಎನ್ನುತ್ತ ರ‍್ಯಾಂಪ್ ದಾಟಿ, ಬೇಸ್‌ಮೆಂಟ್ ದಾಟಿ, ಕೊನೆಯ ಗೋಡೆಗೆ ಹೋಗಿ ಟಕ್ಕೆಂದಿತು. ಅಷ್ಟು ದೂರ ಈವರೆಗೆ ಯಾವ ಕಾರೂ ಹೋಗಿರಲಿಲ್ಲ.

ಮಕ್ಕಳು ಜಾನಿಸಳನ್ನು ಎತ್ತಿ ಕುಣಿದರು. ಮರೀನಾ ಬಜೆ ಬಡಿಸುವ ನೆಪದಲ್ಲಿ ತಿರುಗಿ ಕಣ್ಣೊರೆಸಿಕೊಂಡಳು.

ಸೇಸಪ್ಪನವರ ಕಣ್ಣೂ ಒದ್ದೆಯಾಗಿತ್ತು. “ಮರೀನಕ್ಕ, ಮಕ್ಕಳು ಹೀಗೆ ನಗುವುದನ್ನು ನೋಡಿ ಒಂದು ವರ್ಷ ಆಯ್ತು. ಇದು ನಿಲ್ಲಬಾರದು. ಪ್ರತಿ ವಾರ ಬೇಕು.”

“ನಾನೂ ಅದನ್ನೇ ಹೇಳುವುದು ಸೇಸಪ್ಪಣ್ಣ!”

“ನಿಲ್ಲಬಾರದು ಅಂದ್ರೆ ಅದಕ್ಕೊಂದು ವ್ಯವಸ್ಥೆ ಬೇಕಲ್ವಾ?” ಎಂದು ಅವರು ಫೈಲಿನಿಂದ ಹೊಸ ಹಾಳೆ ತೆಗೆದರು. ಸ್ಕೇಲು ಇಟ್ಟು ಗೆರೆ ಎಳೆದಾಗಿತ್ತು. ಮೇಲೆ ದುಂಡಗಿನ ಅಕ್ಷರ: ‘ಪಾಯಿಂಟ್ ಇಲ್ಲದ ರೇಸುಗಳ ಚಾಂಪಿಯನ್‌ಶಿಪ್. ಸುತ್ತು ಒಂದು.’ ಮೊದಲ ಹೆಸರು ಜಾನಿಸ್, ಹತ್ತು.

“ಪಾಯಿಂಟ್ ಇಲ್ಲ ಅಂದ್ರಲ್ಲ!”

“ಆ ಪಟ್ಟಿಯಲ್ಲಿ ಇಲ್ಲ. ಇದು ಬೇರೆ ಪಟ್ಟಿ. ರೂಲ್ ಒಂದು: ಬಜೆ ಮೊದಲ ವಾರದವರೇ ಪ್ರತಿ ವಾರ ಮಾಡ್ಬೇಕು, ಇಲ್ಲದಿದ್ರೆ ರುಚಿಯಲ್ಲಿ ವ್ಯತ್ಯಾಸ ಬರ್ತದೆ. ರೂಲ್ ಎರಡು: ಗೆದ್ದ ಕಾರನ್ನು ಯಾರೂ ತಿದ್ದದ ಹಾಗೆ ಸೀಸನ್ ಮುಗಿಯುವವರೆಗೆ ಸಿರಾಜುದ್ದೀನ್ ರೂಮಿನಲ್ಲಿ ಸೀಲ್ ಮಾಡಿ ಇಡುವುದು.”

“ಸೀಸನ್ ಯಾವಾಗ ಮುಗಿಯುವುದು?”

“ಮಾರ್ಚ್.”

“ಅಯ್ಯೋ, ಅದು ನನ್ನ ಲಟ್ಟಣಿಗೆ ಸೇಸಪ್ಪಣ್ಣ!”

“ಈಗ ಅದು ಲಟ್ಟಣಿಗೆ ಅಲ್ಲ ಮರೀನಕ್ಕ. ಹಿಂದಿನ ಚಕ್ರ.”

ಸಿರಾಜುದ್ದೀನ್ ಆಗಲೇ ಕಂದು ಟೇಪು ಸುತ್ತುತ್ತಿದ್ದ.

ಖಾಲಿ ಪಾತ್ರೆ ಹಿಡಿದು ಮರೀನಾ ಲಿಫ್ಟಿಗೆ ಹತ್ತಿದಳು. ಎರಡು ತಿಂಗಳ ಮೇಲೆ ಜಾನಿಸ್ ಕೂಡ ಹತ್ತಿದಳು. ಸೇಸಪ್ಪ ಶರಣ್ಯಾಳ ಕೈ ಹಿಡಿದು ಹಿಂದೆಯೇ ಬಂದು, ಹಳೆಯ ಪಟ್ಟಿಯ ಪಕ್ಕ ಹೊಸದನ್ನು ಅಂಟಿಸಿ ಅಂಗೈಯಿಂದ ಸವರಿದರು. ಬಾಗಿಲು ಮುಚ್ಚಿತು.

“ನನ್ನ ಹೆಸರು ಎಲ್ಲುಂಟು ಅಪ್ಪಾ?” ಶರಣ್ಯಾ ತುದಿಗಾಲಲ್ಲಿ ನಿಂತು ಮೇಲಿನಿಂದ ಹುಡುಕತೊಡಗಿದಳು. ಬಜೆಯ ಎಣ್ಣೆ ಮೆತ್ತಿದ ಪುಟ್ಟ ಬೆರಳು ಒಂದೊಂದೇ ಗೆರೆ ಕೆಳಗಿಳಿಯಿತು. ಇಳಿದು ಇಳಿದು, ಕೊನೆಯ ಗೆರೆಯಲ್ಲಿ, ಸೊನ್ನೆಯ ಪಕ್ಕ ನಿಂತಿತು. ಅವಳು ಬೆರಳು ತೆಗೆಯಲಿಲ್ಲ. ಮುಖ ಮೆಲ್ಲಗೆ ಸಣ್ಣದಾಯಿತು.

ಮೊದಲ ಗೆರೆಯ ಹುಡುಗಿ ಆ ಬೆರಳನ್ನೇ ನೋಡುತ್ತಿದ್ದಳು. ಲಿಫ್ಟು ಎರಡು ದಾಟಿತು, ಮೂರು ದಾಟಿತು. ಐದು ಬರುವವರೆಗೆ ಯಾರೂ ಇಳಿದು ಹೋಗುವ ಹಾಗಿರಲಿಲ್ಲ. ಇಂಗ್ಲಿಷ್ ಬಿಟ್ಟು ಬೇರೆ ಮಾತಿನಲ್ಲಿ ದೊಡ್ಡವರಿಗೆ ಎದುರು ನಿಲ್ಲದ ಜಾನಿಸ್ ಗಂಟಲು ಸರಿಮಾಡಿಕೊಂಡು, ಅಚ್ಚ ಕನ್ನಡದಲ್ಲಿ, ಒಂದೊಂದೇ ಪದ ಬಿಡಿಸಿ ಕೇಳಿದಳು:

“ಅಂಕಲ್, ಕಡೆಗೆ ಬಂದವರ ಹೆಸರನ್ನು ಎಂತಕ್ಕೆ ಬರೆಯುವುದು?”