ಮುದ್ದೆ ಅಗಿಯುವವಳ ದವಡೆ

ಅದಕ್ಕೊಂದು ಹೆಸರಿದೆ. ಟೆಂಪೊರೊ... ಟೆಂಪೊರೊ ಅಂತ ಶುರುವಾಗುತ್ತದೆ, ನಡುವೆ ಎಲ್ಲೋ ಒಂದು ಮ್ಯಾಂಡಿ ಬರುತ್ತದೆ, ಕೊನೆಗೆ ಜಾಯಿಂಟು. ಕೋಲಾರದ ಡಾಕ್ಟರಮ್ಮ ಮೂರು ಸಲ ಹೇಳಿಕೊಟ್ಟರು. ಮೂರು ಸಲವೂ ನಾನು ಅರ್ಧಕ್ಕೇ ನಿಂತೆ. ಅಷ್ಟುದ್ದದ ಹೆಸರು ಹೇಳುವಷ್ಟು ಬಾಯಿ ತೆರೆಯುವ ಹಾಗಿದ್ದರೆ ನಾನು ಅವರ ಹತ್ತಿರ ಹೋಗುತ್ತಲೇ ಇರಲಿಲ್ಲ. ಕಿವಿಯ ಮುಂದೆ ಬೆರಳಿಟ್ಟು ಬಾಯಿ ತೆರೆದು ಮುಚ್ಚಿದರೆ ಒಳಗೆ ಏನೋ ಹೊರಳುತ್ತದಲ್ಲ, ಅದು. ದವಡೆಯ ಕೀಲು.

ಬೇರೆಯವರಿಗೆ ಕಾಯಿಲೆ ಬಂದರೆ ಜನ ಹಣ್ಣು ಹಿಡಿದುಕೊಂಡು ನೋಡಲು ಬರುತ್ತಾರೆ. ನನಗೆ ಬಂದರೆ ನಗಲು ಬರುತ್ತಾರೆ. ಮೊದಲಿಂದಲೂ ಹಾಗೇ.

ನಾನು ಹುಟ್ಟಿದ್ದು ಗದಗದ ಕಡೆ. ಯಜಮಾನರಿಗೆ ಮಾಲೂರಿನ ಹೆಂಚಿನ ಕಾರ್ಖಾನೆಯಲ್ಲಿ ಸೂಪರ್‌ವೈಸರ್ ಕೆಲಸ ಸಿಕ್ಕಿ ಇಲ್ಲಿಗೆ ಬಂದೆವು, ನಲವತ್ತು ವರ್ಷದ ಮೇಲಾಯಿತು, ಇಲ್ಲೇ ಉಳಿದೆವು. ಮಗಳನ್ನು ಶ್ರೀನಿವಾಸಪುರಕ್ಕೆ ಕೊಟ್ಟಿದ್ದೇವೆ. ಅವಳ ಮಗಳು ನಮ್ಮ ಮನೆಯಲ್ಲಿದ್ದುಕೊಂಡು ದಿನಾ ರೈಲಿನಲ್ಲಿ ಬೆಂಗಳೂರಿನ ಕಾಲೇಜಿಗೆ ಹೋಗಿಬರುತ್ತಾಳೆ. ಇನ್ನು ಉಳಿದವರು ನನ್ನ ಬೀಗಿತ್ತಿ, ಮಗಳ ಅತ್ತೆ. ಅವರೊಬ್ಬರು ಇಲ್ಲದಿದ್ದರೆ ನನ್ನ ದವಡೆ ಸದ್ದಿಲ್ಲದೆ ವಾಸಿಯಾಗುತ್ತಿತ್ತು.

ಎಲೆಯ ಮಾತು

ನಮ್ಮ ಕಡೆ ಜೋಳದ ಖಡಕ್ ರೊಟ್ಟಿ. ಮುರಿದರೆ ಪಕ್ಕದ ಮನೆಗೆ ಕೇಳಿಸಬೇಕು. ಇಲ್ಲಿ ರಾಗಿಮುದ್ದೆ. ಇಲ್ಲಿಯವರು ಅದನ್ನು ಮುರಿದು, ಸಾರಿನಲ್ಲಿ ಹೊರಳಿಸಿ, ನೇರವಾಗಿ ಗಂಟಲಿಗೆ ಬಿಡುತ್ತಾರೆ. ಹಲ್ಲಿಗೆ ಸುದ್ದಿಯೇ ಹೋಗುವುದಿಲ್ಲ. ಯಜಮಾನರು ಬಂದ ವಾರಕ್ಕೇ ನುಂಗುವುದು ಕಲಿತು ಪಕ್ಷ ಬದಲಾಯಿಸಿದರು. ನಾನು ಮಾತ್ರ ಮುದ್ದೆಯನ್ನೂ ಅಗಿದೇ ತಿಂದೆ. ಅಗಿದರೆ ಹಲ್ಲಿಗೆಲ್ಲ ಮೆತ್ತಿಕೊಳ್ಳುತ್ತದೆ, ನಿಜ. ಆದರೂ ಬಿಡಲಿಲ್ಲ.

ಮಗಳ ಮದುವೆ ಮಾತುಕತೆಗೆ ಹೋದಾಗ ಪಂಕ್ತಿಯಲ್ಲಿ ಬೀಗಿತ್ತಿ ನನ್ನ ಎದುರಿಗೇ ಕೂತರು. ಅವರದು ಗೌನಿಪಲ್ಲಿಯ ತವರು, ಮನೆಮಾತು ತೆಲುಗು. ನನ್ನನ್ನು ವದಿನಾ ಅನ್ನುತ್ತಾರೆ, ನಾನು ನಮ್ಮೂರಿನ ಮಾತಲ್ಲಿ ವೈನಿ ಅನ್ನುತ್ತೇನೆ. ಎರಡಕ್ಕೂ ಅತ್ತಿಗೆ ಅಂತಲೇ ಅರ್ಥ. ಸ್ವಲ್ಪ ಹೊತ್ತು ಅವರು ನನ್ನ ಬಾಯನ್ನೇ ನೋಡಿದರು.

"ಏಮಿ ವದಿನಾ, ಮುದ್ದೇನ ಅಗೀತಾ ಇದೀರಲ್ಲ?"

"ದೇವರು ಹಲ್ಲು ಕೊಟ್ಟಿರೋದು ಯಾತಕ್ಕೆ ವೈನಿ? ಅಗೀದೆ ನುಂಗೋದು ಹಾವು."

ಪಂಕ್ತಿಯಲ್ಲಿ ಇಪ್ಪತ್ತು ಜನ ಮುದ್ದೆ ನುಂಗುತ್ತಿದ್ದರು. ಎಲ್ಲರ ಕೈಯೂ ನಿಂತಿತು. ಯಜಮಾನರು ಮೊಣಕೈಯಿಂದ ತಿವಿದರು. ಬೀಗಿತ್ತಿ ಮಾತ್ರ ನಕ್ಕರು. ಅವರ ನಗು ಅಂದರೆ ತಲೆ ಹಿಂದಕ್ಕೆ ಹಾಕಿ, ಬಾಯಿ ಪೂರ್ತಿ ತೆರೆದು, ಗಂಟಲಿನ ಕಿರುನಾಲಿಗೆ ಕಾಣುವ ಹಾಗೆ.

"ನೀವೂ ನುಂಗೋ ದಿನ ಬರುತ್ತೆ ಬಿಡಿ ವದಿನಾ."

"ಬಂದ್ರೆ ಅವತ್ತು ನೀವುಂಡ ಎಲೆ ನಾನೇ ತೆಗೀತೀನಿ."

ಬೀಗಿತ್ತಿಯ ಎಂಜಲೆಲೆ ತೆಗೆಯುವುದು ಅಂದರೆ ಸಣ್ಣ ಮಾತಲ್ಲ. ಮದುವೆ ಆಯಿತು, ಮೊಮ್ಮಗಳು ಹುಟ್ಟಿ ಕಾಲೇಜಿಗೂ ಸೇರಿದಳು. ಆದರೆ ಯಾವ ಶುಭಕಾರ್ಯದಲ್ಲೇ ಆಗಲಿ, ಊಟ ಮುಗಿದ ಮೇಲೆ ಯಾರಾದರೂ ಎಲೆ ತೆಗೆಯಲು ಬಂದರೆ ಬೀಗಿತ್ತಿ ನನ್ನ ಕಡೆ ನೋಡುತ್ತಾ ಅವರಿಗೆ ಹೇಳುವುದು ಒಂದೇ. "ಇವತ್ತೊಂದಿನ ನೀನು ತೆಗಿಯಮ್ಮ. ಮುಂದಕ್ಕೆ ವದಿನಾ ತೆಗೀತಾರೆ."

ನಿಂತ ಗಡಿಯಾರ

ಒಂದು ಮಧ್ಯಾಹ್ನ ಊಟಕ್ಕೆ ಕೂತಿದ್ದೆವು. ಯಜಮಾನರು ತುತ್ತು ಕೈಯಲ್ಲೇ ಹಿಡಿದು ಗೋಡೆ ನೋಡಿದರು.

"ಗಡಿಯಾರ ಯಾಕೋ ಕಟಕಟ ಅಂತಿದೆ ಕಣೇ."

ಎದ್ದು ಹೋಗಿ, ಸ್ಟೂಲು ಹತ್ತಿ, ಗಡಿಯಾರದ ಸೆಲ್ ತೆಗೆದು ಬಂದು ಕೂತರು. ನಾನು ರೊಟ್ಟಿ ಮುರಿದು ಬಾಯಿಗಿಟ್ಟೆ. ಕಟ್. ಕಟ್. ಅವರು ಗಡಿಯಾರ ನೋಡಿದರು. ಕೈಯಲ್ಲಿದ್ದ ಸೆಲ್ ನೋಡಿದರು. ಆಮೇಲೆ ನಿಧಾನವಾಗಿ ನನ್ನನ್ನು ನೋಡಿದರು.

ಆ ಸೆಲ್ ಎಲ್ಲಿಟ್ಟರೋ, ಇವತ್ತಿಗೂ ಸಿಕ್ಕಿಲ್ಲ. ಗಡಿಯಾರ ಅವತ್ತೇ ನಿಂತಿತು. ನಾನು ಮಾತ್ರ ನಡೆಯುತ್ತಲೇ ಇದ್ದೆ.

ಚೀಟಿಯಲ್ಲಿ ಬರೆದುಕೊಡಿ

ಸದ್ದಿನ ಹಿಂದೆಯೇ ನೋವು ಬಂತು. ಕಿವಿನೋವು ಅಂದುಕೊಂಡು ಬೆಳ್ಳುಳ್ಳಿ ಎಣ್ಣೆ ಬಿಟ್ಟೆ. ಹಲ್ಲುನೋವು ಅಂದುಕೊಂಡು ಲವಂಗ ಇಟ್ಟೆ. ಕೊನೆಗೆ ಒಂದು ಬೆಳಿಗ್ಗೆ ಇಡ್ಲಿ ತುತ್ತೂ ಒಳಗೆ ಹೋಗದಷ್ಟು ಬಾಯಿ ಬಿಗಿದುಕೊಂಡಿತು.

ಹಾಲು ಹಾಕಲು ಬರುವ ಮಾಸ್ತಿ ಕಡೆಯ ಹೆಂಗಸು ನೋಡಿ ಲೊಚಗುಟ್ಟಿದಳು. "ಇದಕ್ಕೆ ಆಪರೇಷನ್ನೇ ಅಮ್ಮ. ಮುಳಬಾಗಿಲಲ್ಲಿ ನಮ್ಮ ಚಿಕ್ಕಮ್ಮನ ಓರಗಿತ್ತಿಗೆ ಕೊಯ್ದು, ಮೂಳೆ ಹೊರಗೆ ತೆಗೆದು, ಬೇರೆದು ಹಾಕಿದ್ರು."

ನಾನು ಕೆನ್ನೆ ಹಿಡಿದುಕೊಂಡೆ. "ಈಗ ಬಾಯಿ ತೆಗೀತಾಳಾ?"

"ಬಾಯಿಗೇನಾಗಿತ್ತು ಅವಳಿಗೆ? ಅದು ಮಂಡಿದು."

ಮಂಡಿಯಾದರೂ ಭಯ ಭಯವೇ. ಕೋಲಾರದ ಬಸ್ಸಿನಲ್ಲಿ ದಾರಿಯುದ್ದಕ್ಕೂ ಕಿವಿಯ ಮುಂದಿನ ಜಾಗ ಮುಟ್ಟಿ ನೋಡಿಕೊಂಡೇ ಹೋದೆ. ಡಾಕ್ಟರಮ್ಮ ನನ್ನ ಮೊಮ್ಮಗಳಿಗಿಂತ ನಾಲ್ಕೈದು ವರ್ಷ ದೊಡ್ಡವರಿರಬೇಕು. ಅದೇ ಜಾಗದಲ್ಲಿ ಬೆರಳಿಟ್ಟು ತೆರೆಯಿರಿ, ಮುಚ್ಚಿರಿ ಅಂದರು. ಆಮೇಲೆ ನನ್ನ ಬೆರಳುಗಳನ್ನೇ ಒಂದರ ಮೇಲೊಂದು ಜೋಡಿಸಿ ಬಾಯಲ್ಲಿಡಲು ಹೇಳಿದರು. ಒಂದೂವರೆ ಬೆರಳು ಹಿಡಿಯಿತು. ಮೂರು ಹಿಡಿಯಬೇಕಂತೆ.

"ಸಿಟ್ಟು ಬಂದಾಗ ಹಲ್ಲು ಕಚ್ಚಿಕೊಳ್ತೀರಾ ಅಜ್ಜಿ?"

ನಾನು ಬಾಯಿ ತೆರೆಯುವಷ್ಟರಲ್ಲಿ ಜೊತೆಗೆ ಬಂದಿದ್ದ ಯಜಮಾನರು ಉತ್ತರ ಕೊಟ್ಟರು. "ಕಚ್ಚಿಕೊಳ್ತಾಳೆ ಡಾಕ್ಟ್ರೇ."

"ಎಷ್ಟು ವರ್ಷದಿಂದ?"

"ಮದುವೆ ಆದಾಗಿನಿಂದ."

ಡಾಕ್ಟರಮ್ಮ ನಗು ತಡೆದುಕೊಂಡು ವಿವರಿಸಿದರು. ಕೀಲಿನ ನಡುವೆ ಒಂದು ಸಣ್ಣ ಮೆತ್ತೆ ಇರುತ್ತದೆ, ಅದು ಜಾಗ ಬಿಟ್ಟು ಸರಿದರೆ ಕಟಕ್ ಅನ್ನುತ್ತದೆ. ಸುತ್ತಲ ಮಾಂಸಖಂಡ ದಣಿದಿದೆ. ಆಪರೇಷನ್ ಬೇಕಾಗುವುದು ಎಲ್ಲೋ ಕೆಲವರಿಗೆ, ನಿಮಗೆ ಬೇಡ. ದವಡೆಗೆ ವಿಶ್ರಾಂತಿ ಕೊಡಿ. ದಿನಾ ಬಿಸಿ ಶಾಖ. ತುಟಿ ಮುಚ್ಚಿರಲಿ, ಒಳಗೆ ಹಲ್ಲಿಗೆ ಹಲ್ಲು ತಾಕದಿರಲಿ. ಆಕಳಿಕೆ ಬಂದರೆ ಗದ್ದದ ಕೆಳಗೆ ಮುಷ್ಟಿ ಇಟ್ಟುಕೊಳ್ಳಿ. ಮಲಗುವಾಗ ಹಲ್ಲಿಗೆ ಹಾಕಿಕೊಳ್ಳಲು ಒಂದು ಅಚ್ಚು ಮಾಡಿಕೊಡುತ್ತೇನೆ. ನಿಧಾನವಾಗಿ ಮಾಡುವ ವ್ಯಾಯಾಮ ಹೇಳಿಕೊಡುತ್ತೇನೆ.

"ಗಟ್ಟಿ ರೊಟ್ಟಿ ಸದ್ಯಕ್ಕೆ ಬೇಡ. ಈ ಊರಲ್ಲಿ ನಿಮಗೇನು ಯೋಚನೆ ಅಜ್ಜಿ, ಮುದ್ದೆ ಇದೆಯಲ್ಲ. ಅಗಿಯದೆ ನುಂಗಿ."

ನನಗೆ ಆಪರೇಷನ್ನೇ ವಾಸಿ ಅನ್ನಿಸಿತು.

"ಮಾತೂ ಸ್ವಲ್ಪ ಕಮ್ಮಿ ಮಾಡಿ" ಅಂದರು ಡಾಕ್ಟರಮ್ಮ.

ಯಜಮಾನರು ಕುರ್ಚಿ ಮುಂದಕ್ಕೆಳೆದುಕೊಂಡರು. "ಅದೊಂದನ್ನ ಚೀಟಿಯಲ್ಲಿ ಬರೆದುಕೊಡಿ ಡಾಕ್ಟ್ರೇ. ನಾನು ಹೇಳಿದ್ರೆ ನಂಬಲ್ಲ."

ಉಪ್ಪಿನ ಗಂಟು

ಶಾಖಕ್ಕೆ ಡಾಕ್ಟರಮ್ಮ ಹೇಳಿದ್ದು ಬಿಸಿನೀರಲ್ಲಿ ಅದ್ದಿ ಹಿಂಡಿದ ಬಟ್ಟೆ. ನನಗೆ ಅದು ಸಾಲದು ಅನ್ನಿಸಿ ಉಪ್ಪು ಹುರಿದು ಎರಡು ಗಂಟು ಕಟ್ಟಿದೆ. ಕೈಯಲ್ಲಿ ಹಿಡಿದು ಹಿಡಿದು ತೋಳು ನೋಯತೊಡಗಿತು. ಯಜಮಾನರ ಹಳೇ ಬಿಳಿ ಪಂಚೆ ಹರಿದು, ಗಂಟುಗಳನ್ನು ಎರಡೂ ಕೆನ್ನೆಗೆ ಒತ್ತಿ, ಗದ್ದದ ಕೆಳಗಿಂದ ನೆತ್ತಿಗೆ ಬಿಗಿಯಾಗಿ ಕಟ್ಟಿಕೊಂಡೆ. ನಡುಮನೆಯಲ್ಲಿ ಚಾಪೆ ಹಾಸಿ ಅಂಗಾತ ಮಲಗಿದೆ. ಹಾಯೆನಿಸಿತು, ಕಣ್ಣು ಮುಚ್ಚಿದೆ. ಸೊಳ್ಳೆ ಅಂತ ಯಜಮಾನರು ತಲೆದೆಸೆಯಲ್ಲಿ ಊದಿನಕಡ್ಡಿ ಹಚ್ಚಿ, ಪಕ್ಕದಲ್ಲೇ ಗೋಡೆಗೆ ಒರಗಿ, ತಲೆ ತಗ್ಗಿಸಿ ತೂಕಡಿಸುತ್ತಿದ್ದರು.

ಸಂಜೆಯ ಹಾಲು ತಂದ ಹೆಂಗಸು ಬಾಗಿಲಲ್ಲಿ ನಿಂತು ಕಂಡದ್ದು ಇದು. ಗದ್ದ ಕಟ್ಟಿದ ನಾನು, ಊದಿನಕಡ್ಡಿ, ತಲೆ ತಗ್ಗಿಸಿದ ಗಂಡ.

ಹಾಲಿನ ಕ್ಯಾನು ಕೆಳಗಿಟ್ಟು ನನ್ನ ಕಾಲ ಬಳಿ ಕುಸಿದು ಕೂತಳು. "ಅಯ್ಯೋ ನಮ್ಮಮ್ಮಾ, ಬೆಳಿಗ್ಗೆ ಮಾತಾಡಿಸಿದ್ಯಲ್ಲಮ್ಮಾ..."

ಎದ್ದುಬಿಡೋಣ ಅಂದುಕೊಂಡೆ. ಆದರೆ ಅವಳು ಹೊಗಳತೊಡಗಿದಳು. ಬದುಕಿದ್ದಾಗ ಇಂಥದ್ದು ಯಾರಿಗೆ ಕೇಳಲು ಸಿಗುತ್ತದೆ? ಇನ್ನೆರಡು ಮಾತು ಮುಗಿಯಲಿ ಅಂತ ಸುಮ್ಮನಿದ್ದೆ.

"ಬಂಗಾರದಂಥ ಕೈಯಮ್ಮ ನಿಂದು. ಹಬ್ಬ ಬಂದ್ರೆ ನಂಗೂ ಎಡೆ ತೆಗೆದಿಡ್ತಿದ್ದೆ. ಇಷ್ಟು ವರ್ಷ ನಾನು ಹಾಲಿಗೆ ನೀರು ಬೆರೆಸಿದ್ರೂ ಒಂದಿನ ಒಂದು ಮಾತು ಅನ್ಲಿಲ್ಲವಲ್ಲಮ್ಮಾ..."

ನಾನು ಎದ್ದು ಕೂತೆ. ಸಿಟ್ಟು ಬಂದರೆ ನನಗೆ ಗದಗದ ಮಾತೇ ಬರುವುದು. "ಏನಂದಿ? ಎಷ್ಟ ನೀರ ಬೆರಸ್ತಿದ್ದಿ?"

ಅವಳು ಗೇಟಿನವರೆಗೂ ಓಡಿದವಳು ಕ್ಯಾನಿಗಾಗಿ ವಾಪಸು ಬರಬೇಕಾಯಿತು. ಮರುದಿನದಿಂದ ನಮ್ಮ ಮನೆಯ ಮೊಸರು ಕತ್ತರಿಸಿ ತಿನ್ನುವ ಹಾಗಿದೆ.

ತೀರ್ಥ

ಹಲ್ಲಿನ ಅಚ್ಚನ್ನು ಹಗಲಲ್ಲಿ ನೀರಿನಲ್ಲಿಡಬೇಕು. ಭದ್ರವಾಗಿರಲಿ ಅಂತ ಸ್ಟೀಲ್ ಲೋಟದಲ್ಲಿ ಹಾಕಿ ದೇವರ ಗೂಡಿನ ಪಕ್ಕ ಇಟ್ಟಿದ್ದೆ. ಯಜಮಾನರು ಸ್ನಾನ ಮಾಡಿ ಬಂದು, ಕಣ್ಣು ಮುಚ್ಚಿ ಕೈಮುಗಿದು, ಲೋಟದಿಂದ ಮೂರು ಸಲ ತೀರ್ಥ ತೆಗೆದುಕೊಂಡು, ಉಳಿದದ್ದನ್ನು ತಲೆಗೆ ಚಿಮುಕಿಸಿಕೊಂಡರು. ಕಣ್ಣು ಬಿಟ್ಟು ನೋಡಿದರೆ ಲೋಟದ ತಳದಲ್ಲಿ ನನ್ನ ಹಲ್ಲಿನ ಸಾಲು.

"ಪ್ರಸಾದ ಏನೂ ಇಲ್ವಾ?" ಅಂತ ಮೊಮ್ಮಗಳು ಕೇಳಿದಳು.

ಹಪ್ಪಳ

ಇಷ್ಟೆಲ್ಲ ಆದರೂ ಬೀಗಿತ್ತಿಗೆ ವಿಷಯ ಮುಟ್ಟಬಾರದು. ಆಪರೇಷನ್ ಭಯ ಹೋಗಿತ್ತು, ಎಲೆಯ ಭಯ ಶುರುವಾಗಿತ್ತು. ಮಗಳಿಗೂ ಹೇಳಲಿಲ್ಲ. ಮೊಮ್ಮಗಳಿಂದ ದೇವರ ಮುಂದೆ ಆಣೆ ಹಾಕಿಸಿಕೊಂಡೆ.

"ಅಜ್ಜಿ, ಆ ಅಜ್ಜೀನೂ ನನ್ನ ಅಜ್ಜೀನೇ ಅಲ್ವಾ?"

"ಹೌದು. ಆದ್ರೆ ನಿನ್ನ ಕ್ಯಾರಿಯರ್ ಕಟ್ಟೋದು ನಾನು."

ಅವಳು ಒಪ್ಪಿದಳು. ದಿನಾ ಸಂಜೆ ಕಾಲೇಜಿಂದ ಬಂದು ನನ್ನ ಬಾಯಿ ಅಳೆದು ಕ್ಯಾಲೆಂಡರಿನಲ್ಲಿ ಬರೆಯುವುದು ಅವಳ ಕೆಲಸ. ಒಂದೂವರೆ. ಒಂದೂಮುಕ್ಕಾಲು. ಎರಡು. ಡಾಕ್ಟರಮ್ಮನಿಗೆ ತೋರಿಸಬೇಕಲ್ಲ.

ಬೀಗಿತ್ತಿ ವಾರಕ್ಕೊಮ್ಮೆ ಫೋನ್ ಮಾಡುತ್ತಾರೆ. ಮೊದಲ ಪ್ರಶ್ನೆಯೇ ಊಟ.

"ಏನು ಊಟ ವದಿನಾ?"

"ರೊಟ್ಟಿ ವೈನಿ. ಕೂತಿದೀನಿ ಈಗ್ತಾನೆ."

ನಾನು ಕಣ್ಸನ್ನೆ ಮಾಡಿದರೆ ಯಜಮಾನರು ಫೋನಿನ ಹತ್ತಿರ ಬಂದು ಹಪ್ಪಳ ಮುರಿಯುತ್ತಿದ್ದರು. ನಾಲ್ಕು ವಾರ ಹೀಗೇ ನಡೆಯಿತು. ಐದನೇ ವಾರ ಬೀಗಿತ್ತಿ ಮೆಚ್ಚಿಕೊಂಡೇ ಹೇಳಿದರು, "ನಿಮ್ಮ ಹಲ್ಲು ಗಟ್ಟಿ ವದಿನಾ. ಮಾತಾಡ್ತಾ ಮಾತಾಡ್ತಾನೇ ಅಗೀತೀರ."

ಏಳು ತುತ್ತು

ಆರನೇ ವಾರ ಅವರು ಫೋನ್ ಮಾಡಲಿಲ್ಲ. ತೋಟದ ಮಾವಿನಹಣ್ಣಿನ ಬುಟ್ಟಿ ಹೊತ್ತು ಬಸ್ಸಿನಲ್ಲಿ ಬಂದೇಬಿಟ್ಟರು.

ಭಾನುವಾರ, ಹನ್ನೊಂದೂವರೆ. ನಾನು ಅಡುಗೆಮನೆಯಲ್ಲಿ ಬಾಗಿಲಿಗೆ ಬೆನ್ನು ಹಾಕಿ, ತಟ್ಟೆ ಮುಂದಿಟ್ಟುಕೊಂಡು ಮುದ್ದೆ ನುಂಗುತ್ತಿದ್ದೆ. ನಿಜ ಹೇಳಬೇಕೆಂದರೆ ಅಷ್ಟರಲ್ಲಿ ನನಗೆ ರುಚಿ ಹತ್ತಿತ್ತು. ಸೊಪ್ಪಿನ ಬಸ್ಸಾರಿನ ಜೊತೆ ಅದು ಗಂಟಲಲ್ಲಿ ಇಳಿಯುವಾಗ ಒಂದು ಸುಖವಿದೆ. ನಲವತ್ತು ವರ್ಷ ಸುಮ್ಮನೆ ಕಳೆದುಕೊಂಡೆನಲ್ಲ ಅಂದುಕೊಳ್ಳುತ್ತಿರುವಾಗ ಹಿಂದಿನಿಂದ ದನಿ ಬಂತು.

"ಏಳು ತುತ್ತು ವದಿನಾ. ಒಂದನ್ನೂ ಅಗೀಲಿಲ್ಲ. ಬಾಗಿಲಲ್ಲೇ ನಿಂತು ಎಣಿಸಿದೀನಿ."

ತಿರುಗಿ ನೋಡಿದೆ. ಅವರು ಬುಟ್ಟಿ ಕೆಳಗಿಟ್ಟು, ಸೊಂಟಕ್ಕೆ ಕೈಕೊಟ್ಟು, ತಲೆ ಹಿಂದಕ್ಕೆ ಹಾಕಿ ನಗತೊಡಗಿದರು. ಇಷ್ಟು ವರ್ಷ ಕೂಡಿಟ್ಟ ನಗು. ಯಜಮಾನರು ಬಂದರು, ಮೊಮ್ಮಗಳು ಬಂದಳು. ಅವರೂ ನಕ್ಕರು. ಸ್ವಲ್ಪ ಹೊತ್ತಿಗೆ ಬೀಗಿತ್ತಿಯ ನಗುವಿನ ಸದ್ದು ನಿಂತಿತು, ಬಾಯಿ ಮಾತ್ರ ಹಾಗೇ ತೆರೆದಿತ್ತು. ಯಜಮಾನರು ಮರ್ಯಾದೆಗೆ ಇನ್ನೂ ಸ್ವಲ್ಪ ನಕ್ಕರು.

"ಆ... ಆ..." ಅಂದರು ಬೀಗಿತ್ತಿ. ಕಣ್ಣಲ್ಲಿ ನೀರು. ಅದು ನಗುವಿನ ನೀರಲ್ಲ.

ಆರು ವಾರದ ಪಾಠ ನನ್ನ ಕೈಹಿಡಿಯಿತು. "ಯಾರೂ ಮುಟ್ಟಬೇಡಿ, ಒತ್ತಬೇಡಿ" ಅಂದೆ. ಮೊಮ್ಮಗಳು ಡಾಕ್ಟರಮ್ಮನಿಗೆ ಫೋನ್ ಮಾಡಿದಳು. ಗಾಬರಿ ಬೇಡ, ಹಾಗೇ ಕರೆದುಕೊಂಡು ಬನ್ನಿ, ದವಡೆಯನ್ನು ನಾವೇ ಜಾಗಕ್ಕೆ ಕೂರಿಸುತ್ತೇವೆ ಅಂದರು. ಯಜಮಾನರು ಆಟೋಗೆ ಓಡಿದರು. ನಾನು ಬಿಸಿಬಟ್ಟೆ ಹಿಂಡಿ ಎರಡೂ ಕೆನ್ನೆಗೆ ಇಟ್ಟು, ಭುಜ ಸಡಿಲ ಬಿಡಿ ವೈನಿ, ಮೂಗಲ್ಲಿ ಉಸಿರಾಡಿ ಅಂತ ಬೆನ್ನು ಸವರುತ್ತಾ ಕೂತೆ. ಅವರು ನನ್ನ ಸೆರಗು ಬಿಗಿಯಾಗಿ ಹಿಡಿದುಕೊಂಡಿದ್ದರು. ಆಟೋ ಬಾಗಿಲಿಗೆ ಬರುವ ಹೊತ್ತಿಗೆ ಟಕ್ ಅಂತ ದವಡೆ ತಾನೇ ಜಾಗಕ್ಕೆ ಕೂತಿತು.

ಆದರೂ ಬಿಡದೆ ಕೋಲಾರಕ್ಕೆ ಕರೆದುಕೊಂಡು ಹೋದೆವು. ಡಾಕ್ಟರಮ್ಮ ಮುಟ್ಟಿ ನೋಡಿ, ಕೀಲು ಸ್ವಲ್ಪ ಸಡಿಲ, ಆಪರೇಷನ್ ಏನೂ ಬೇಡ ಅಂದರು. ಕೆಲವು ವಾರ ಮೆತ್ತಗಿನ ಊಟ, ಬಾಯಿ ದೊಡ್ಡದಾಗಿ ತೆರೆಯುವಂತಿಲ್ಲ. "ಮುಖ್ಯವಾಗಿ ಜೋರಾಗಿ ನಗಬೇಡಿ ಅಜ್ಜಿ. ನಗು ಬಂದರೆ ಗದ್ದದ ಕೆಳಗೆ ಮುಷ್ಟಿ."

ಮನೆಗೆ ಬಂದು ಅವರಿಗೆ ಬಾಳೆಲೆ ಹಾಕಿ ಮುದ್ದೆ ಬಡಿಸಿದೆ. ಎದುರಿಗೆ ನಾನೂ ಕೂತೆ. ಇಬ್ಬರೂ ಅಗಿಯಲಿಲ್ಲ. ಊಟ ಮುಗಿಯಿತು, ಅವರು ಎಲೆ ಮಡಿಸಿದರು. ಮಾತು ಮಾತೇ. ನಾನು ಎದ್ದು, ಸೆರಗು ಸಿಕ್ಕಿಸಿ, ಬಗ್ಗಿ ಅವರ ಎಲೆ ತೆಗೆದೆ.

ಇಷ್ಟು ವರ್ಷ ಈ ಒಂದು ಗಳಿಗೆಗಾಗಿ ಕಾದಿದ್ದ ಹೆಂಗಸು ಗದ್ದದ ಕೆಳಗೆ ಮುಷ್ಟಿ ಇಟ್ಟುಕೊಂಡು, ತುಟಿ ಬಿಗಿದು, ಕೆಂಪಗೆ ಕೂತಿದ್ದರು. ಹೊಟ್ಟೆ ಕುಣಿಯುತ್ತಿತ್ತು, ಬಾಯಿ ತೆರೆಯುವಂತಿರಲಿಲ್ಲ. ನಾನು ಎಲೆಯನ್ನು ನಿಧಾನವಾಗಿ, ಅವರ ಮುಂದೆಯೇ ಒಂದು ಸುತ್ತು ಹಾಕಿಕೊಂಡು ಹೋಗಿ ಬಿಸಾಡಿ ಬಂದೆ.

"ವದಿನಾ" ಅಂದರು ಹಲ್ಲಿನ ಸಂದಿಯಿಂದ. "ನಂಗೆ ಬಾಯಿ ಸಿಕ್ಕಿಹಾಕ್ಕೊಂಡಿದ್ದು ಊರಲ್ಲಿ ಯಾರಿಗೂ ಹೇಳ್ಬೇಡಿ."

"ಹೇಳಲ್ಲ ವೈನಿ. ಆಣೆಗೂ ಹೇಳಲ್ಲ."

ಅಷ್ಟು ಹೊತ್ತಿಗೆ ಮೊಮ್ಮಗಳು ಅಳತೆಗೆ ಬಂದಳು. ನನ್ನ ಮೂರು ಬೆರಳೂ ಸಲೀಸಾಗಿ ಒಳಗೆ ಹೋದವು. ಅವಳು ಕ್ಯಾಲೆಂಡರಿನಲ್ಲಿ ಮೂರು ಅಂತ ಬರೆದು ಪೆನ್ನಿನ ಮುಚ್ಚಳ ಹಾಕಲು ಹೋದಳು.

"ತಾಳು" ಅಂದೆ. "ಅದರ ಪಕ್ಕದಲ್ಲಿ ನಿಮ್ಮ ಶ್ರೀನಿವಾಸಪುರದ ಅಜ್ಜೀದೂ ಹಾಕು. ನಾಲ್ಕು ಬೆರಳು, ಬೆಳಿಗ್ಗೆ ಹನ್ನೊಂದೂವರೆಯಿಂದ ಆಟೋ ಬರೋವರೆಗೆ. ನಾನು ಹೇಳಲ್ಲ ಅಂತ ಮಾತು ಕೊಟ್ಟಿದ್ದೀನಿ. ನೀನು ಬರ್ಕೋ."